ಚಾಕುವಿನ ಹಿಡಿ: ಹೊಳಪಿನ ವೆಚ್ಚ

ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಬಳಸುವ ಚಾಕುವಿಗೆ ಮರದ ಹಿಡಿಯಿದ್ದರೆ ಅದು ನೀರು, ಸೊನೆ ಹೀರಿ ಸಡಿಲಗೊಳ್ಳುವುದು ಸಹಜ. ಗಾಜುನೂಲು-ಎಪಾಕ್ಸಿ ಹಿಡಿಗೆ ಆ ಬಾಧೆ ಕಡಿಮೆ. ಆದರೆ ಇದನ್ನು ತಯಾರಿಸಬಯಸುವ ಕಲಬುರಗಿಯ ಸಣ್ಣ ಉದ್ಯಮಿಯು ಹಾಳೆಯ ಬೆಲೆಯನ್ನಷ್ಟೇ ನೋಡಿ ದರ ನಿಗದಿಪಡಿಸುವುದು ತರವಲ್ಲ. 120ರಿಂದ 600ರವರೆಗಿನ ಎಮರಿ ಕಾಗದವನ್ನು ಕ್ರಮವಾಗಿ ಬಳಸದೆ ಬಫ್ ಚಕ್ರಕ್ಕೆ ಹಿಡಿದರೆ ಗೀರುಗಳೇ ಹೊಳೆಯುತ್ತವೆ! ಒಣಗಿದ್ದಂತೆಯೇ ಉಜ್ಜಿದಾಗ ಏಳುವ ಗಾಜಿನ ಧೂಳು ಉಸಿರಾಟಕ್ಕೆ ಹಾನಿಕರ. ನೀರು ಹಾಕಿ ಉಜ್ಜುವ ವ್ಯವಸ್ಥೆ, ಧೂಳು ಹೀರುವ ಯಂತ್ರ, ಮುಖಗವಸು ಇವು ತಯಾರಿಕಾ ವೆಚ್ಚವೇ ಹೊರತು ಔದಾರ್ಯವಲ್ಲ. ಜಾಬ್‌ವರ್ಕಿಗೆ ತೆರಿಗೆಯಿಲ್ಲದೆ ಕಳುಹಿಸಿದ ಸರಕು ಜಿ.ಎಸ್.ಟಿ. ಕಾಯ್ದೆಯ 143ನೆಯ ಕಲಮಿನಂತೆ ಒಂದು ವರ್ಷದೊಳಗೆ ಮರಳಬೇಕೆಂಬುದು ಎಲ್ಲರಿಗೂ ನೆನಪಿದೆ. ಪಾಲಿಶ್ ಮಾಡುವವನ ಕೂಲಿದರದಲ್ಲಿ ಮುಖಗವಸಿನ ಬೆಲೆ ಸೇರಿದೆಯೇ ಎಂದು ವಿಚಾರಿಸುವವರು ಮಾತ್ರ ವಿರಳ. ಮುಂದಿನ ದರಪಟ್ಟಿಯಲ್ಲಿ ಅದಕ್ಕೊಂದು ಪ್ರತ್ಯೇಕ ಬಾಬು ತೋರಿಸುವುದು ಅಗತ್ಯ.