ಸ್ಟುಡಿಯೊದಲ್ಲಿ ಮೊಳಗಿದ ಸೈರನ್

2025ರ ಮೇ 10ರಂದು ಕೇಂದ್ರ ಸರ್ಕಾರದ ನಾಗರಿಕ ರಕ್ಷಣಾ ಇಲಾಖೆ ಎಲ್ಲ ಮಾಧ್ಯಮಗಳಿಗೂ ಒಂದು ಸೂಚನೆ ಕಳಿಸಿತು. ಜನರಿಗೆ ತಿಳಿವಳಿಕೆ ಕೊಡುವ ಸಂದರ್ಭ ಬಿಟ್ಟು ಬೇರಾವ ಕಾರ್ಯಕ್ರಮದಲ್ಲಿಯೂ ವಾಯುದಾಳಿಯ ಸೈರನ್ ಸದ್ದು ಬಳಸಬೇಡಿ ಎಂಬುದು ಅದರ ಸಾರ. 1968ರ ನಾಗರಿಕ ರಕ್ಷಣಾ ಕಾಯ್ದೆಯ ಅಧಿಕಾರದಡಿ ಹೊರಟ ಸೂಚನೆ. ಇಷ್ಟನ್ನೂ ಕಾಯ್ದೆ ಹಿಡಿದು ಹೇಳಬೇಕಾಯಿತಲ್ಲ!

ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದ ನನಗೆ ಸೈರನ್ನಿನ ಬೆಲೆ ಗೊತ್ತು. ಜಲಾಶಯದ ಗೇಟು ಎತ್ತುವ ಮೊದಲು ಅದನ್ನು ಊದಿಸುತ್ತಿದ್ದೆವು. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವವರು, ದನ ತೊಳೆಯುವವರು ದಡ ಹತ್ತಬೇಕು. ಸುಮ್ಮಸುಮ್ಮನೆ ನಾಲ್ಕು ದಿನ ಊದಿದರೆ ಐದನೆಯ ದಿನ ಯಾರೂ ಮೇಲೇಳುವುದಿಲ್ಲ. ವಾಯುದಾಳಿಯ ಸೈರನ್ನಿನಲ್ಲಿ ಏರಿಳಿಯುವ ಸದ್ದು ಬಂದರೆ ಅಪಾಯ, ಒಂದೇ ಸಮನೆ ಬಂದರೆ ಅಪಾಯ ಕಳೆಯಿತೆಂದು ಅರ್ಥ. ಜಮ್ಮು, ಅಮೃತಸರದ ಜನ ಆ ವಾರ ದೀಪ ಆರಿಸಿ, ಕಿವಿ ನಿಮಿರಿಸಿ ಕುಳಿತಿದ್ದರು. ಅದೇ ಸದ್ದು ನಮ್ಮ ವಾಹಿನಿಗಳಲ್ಲಿ ನಿರೂಪಕರ ಕೂಗಾಟಕ್ಕೆ ಹಿನ್ನೆಲೆ ಸಂಗೀತವಾಯಿತು.

ಇದನ್ನು ಸುದ್ದಿ ಎನ್ನುವುದಕ್ಕಿಂತ ಮನರಂಜನೆ ಎನ್ನುವುದೇ ಸರಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಹತರಾದರು. ನಮ್ಮ ರಾಜ್ಯದವರೂ ಅವರಲ್ಲಿದ್ದರು. ಆ ಸಂಕಟ ನಿಜ, ಮೇ 7ರ ನಸುಕಿನಲ್ಲಿ ನಮ್ಮ ಸೇನೆ ನಡೆಸಿದ ಕಾರ್ಯಾಚರಣೆಯೂ ನಿಜ. ಆದರೆ ಮೇ 8ರ ರಾತ್ರಿ ಹಲವು ವಾಹಿನಿಗಳಲ್ಲಿ ನಮ್ಮ ನೌಕಾಪಡೆಯ ದಾಳಿಗೆ ಕರಾಚಿ ಬಂದರು ಹೊತ್ತಿ ಉರಿಯಿತು. ಬೆಳಗಾದಾಗ ಬಂದರು ಇದ್ದ ಹಾಗೇ ಇತ್ತು. ಇದಕ್ಕಿಂತ ನನ್ನನ್ನು ಕಾಡಿದ್ದು ಪೂಂಚ್‌ನ ಸಂಗತಿ. ಅಲ್ಲಿ ಪಾಕಿಸ್ತಾನದ ಶೆಲ್ಲಿಗೆ ಬಲಿಯಾದ ಮದರಸಾ ಶಿಕ್ಷಕರೊಬ್ಬರನ್ನು ಕೆಲವು ವಾಹಿನಿಗಳು ಭಯೋತ್ಪಾದಕ ಎಂದು ತೋರಿಸಿದವು. ಅದು ಸುಳ್ಳೆಂದು ಅಲ್ಲಿನ ಪೊಲೀಸರೇ ಸ್ಪಷ್ಟನೆ ಕೊಡಬೇಕಾಯಿತು. ಶತ್ರುವಿನ ಗುಂಡಿಗೆ ಸತ್ತ ನಮ್ಮವನನ್ನೇ ಶತ್ರು ಮಾಡಿ ತೋರಿಸುವ ದೇಶಭಕ್ತಿ ಎಂಥದು? ಹುಸಿಯನ್ನಾಡಬಾರದೆಂದು ಎಳವೆಯಲ್ಲೇ ಕಲಿತ ಬಸವಭಕ್ತರು ಕೂಡ ರಿಮೋಟ್ ಹಿಡಿದು ಅದನ್ನು ನೋಡುತ್ತ ಕುಳಿತೆವು.

ಕಾರ್ಗಿಲ್ ಕಾಲಕ್ಕೇ ಇದರ ಬೀಜ ಬಿದ್ದಿತ್ತು. ನಾವು ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ಕಂಡ ಮೊದಲ ಯುದ್ಧ ಅದು. 1999ರ ಜೂನ್ 8ರಂದು ಶಿಖರಗಳಲ್ಲಿ ಕಾದಾಟ ನಡೆದಿರುವಾಗಲೇ ಮ್ಯಾಂಚೆಸ್ಟರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಪಂದ್ಯ. ನಮ್ಮ ವೆಂಕಟೇಶ್ ಪ್ರಸಾದ್ 27 ರನ್ನಿಗೆ 5 ವಿಕೆಟ್ ಕಿತ್ತರು. 47 ರನ್ನುಗಳ ಗೆಲುವು. ಸಂತೋಷಪಟ್ಟದ್ದರಲ್ಲಿ ತಪ್ಪೇನಿಲ್ಲ. ಆದರೆ ಆಟವನ್ನು ಯುದ್ಧದಂತೆ, ಯುದ್ಧವನ್ನು ಆಟದಂತೆ ನೋಡುವ ಚಾಳಿ ಆಗ ನಮಗೆ ಅಂಟಿಕೊಂಡಿತು. ಆ ಯುದ್ಧದಲ್ಲಿ ದೇಶ ಕಳೆದುಕೊಂಡದ್ದು 527 ಯೋಧರನ್ನು.

ಟಿ.ವಿ.ಗೆ ದೇಶಭಕ್ತಿ ಒಗ್ಗದು ಎಂದೇನಲ್ಲ. 1988ರಲ್ಲಿ ದೂರದರ್ಶನ ಚೇತನ್ ಆನಂದ್ ಅವರ ‘ಪರಮವೀರ ಚಕ್ರ’ ಧಾರಾವಾಹಿ ತೋರಿಸಿತ್ತು. ಅದರಲ್ಲಿ ಯೋಧರ ಬದುಕಿತ್ತು, ಸಾವಿತ್ತು.

ನಡೆ ನುಡಿ ಒಂದಾಗಿರಬೇಕೆಂಬುದು ಶರಣರ ಹಾದಿ. ಸೋಫಾದ ಮೇಲಿನ ದೇಶಭಕ್ತಿಯಲ್ಲಿ ನಡೆಯೇ ಇಲ್ಲ. 1965ರಲ್ಲಿ, ಯುದ್ಧ ಮತ್ತು ಧಾನ್ಯದ ಕೊರತೆ ಒಟ್ಟಿಗೇ ಬಂದಾಗ, ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದರು. ಸೋಮವಾರ ಸಂಜೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ದೃಷ್ಟಿಯಲ್ಲಿ ಅದೂ ದಾಸೋಹವೇ. ಇಂದಿನ ವಾಹಿನಿ ನಮ್ಮಿಂದ ಕೇಳುವುದು ಇಷ್ಟೇ: ಜಾಹೀರಾತು ಮುಗಿಯುವವರೆಗೆ ಎದ್ದು ಹೋಗಬೇಡಿ.

ಜುಲೈ 26 ಕಾರ್ಗಿಲ್ ವಿಜಯ ದಿನ. ಆ ತಿಂಗಳ ಅನುಭಾವ ಗೋಷ್ಠಿಗೆ ಸುತ್ತಲಿನ ಹಳ್ಳಿಗಳ ನಿವೃತ್ತ ಯೋಧರನ್ನು, ಮಡಿದವರ ಮನೆಯವರನ್ನು ಕರೆಸಬೇಕೆಂದು ಮಠಗಳ ಪೂಜ್ಯರಲ್ಲಿ ನನ್ನ ವಿನಂತಿ. ಹಾರ, ಶಾಲು, ಕ್ಯಾಮೆರಾ ಬೇಡ. ಅವರು ಮಾತಾಡಲಿ, ಪ್ರಸಾದನಿಲಯದ ಮಕ್ಕಳು ಪ್ರಶ್ನೆ ಕೇಳಲಿ. ಯಾರದಾದರೂ ಪಿಂಚಣಿಯ ಕಾಗದವೋ ಜಮೀನಿನ ಅರ್ಜಿಯೋ ಕಚೇರಿಯಲ್ಲಿ ಕೊಳೆಯುತ್ತಿದ್ದರೆ ಬರೆದುಕೊಡಲು, ಬೆನ್ನು ಹತ್ತಲು ನನ್ನಂಥ ನಿವೃತ್ತ ನೌಕರರು ಪೆನ್ನು ಹಿಡಿದು ಬರುತ್ತೇವೆ.