ಎನ್.ಎ. ಆದರೆ ಸಾಕೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ... ಯಾವ ಬಸ್ ಹತ್ತಿದರೂ ಊರು ಬರುವ ಮೊದಲು ಹೊಲದಲ್ಲಿ ನೆಟ್ಟ ಕಲ್ಲುಗಳು ಕಾಣುತ್ತವೆ. ಮೊನ್ನೆಯವರೆಗೆ ತೊಗರಿ, ನಿಂಬೆ ಬೆಳೆದ ನೆಲ ಈಗ ಲೇಔಟ್. ವಿಚಾರಿಸಿದರೆ ಒಂದೇ ಉತ್ತರ: ‘ಎನ್.ಎ. ಆಗೇದ್ರಿ, ಕಣ್ಮುಚ್ಚಿ ತಗೋರಿ.’ ಸಿವಿಲ್ ಓದುತ್ತಿದ್ದೇನೆಂದು ನೆಂಟರು ನಕ್ಷೆಗಳನ್ನು ನನ್ನ ಮೊಬೈಲ್‌ಗೆ ಕಳಿಸುತ್ತಾರೆ. ಕೆಲಸ ಸಿಗದ ಗೆಳೆಯರು ಕಮಿಷನ್ ಮೇಲೆ ಅವೇ ಪ್ಲಾಟು ತೋರಿಸುತ್ತಿದ್ದಾರೆ.

ಎನ್.ಎ. ಎಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು 1964ರ ಭೂ ಕಂದಾಯ ಕಾಯ್ದೆಯಡಿ ಸಿಗುವ ಅನುಮತಿ, ಅಷ್ಟೇ. ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ, ಗಟಾರದ ನೀರು ಎತ್ತ ಹರಿಯುತ್ತದೆ ಎಂದು ತಿಳಿಯಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅನುಮೋದನೆಯಾದ ವಿನ್ಯಾಸ ನಕ್ಷೆಯನ್ನೇ ನೋಡಬೇಕು. ಅದನ್ನು ಕೇಳುವವರು ಕಡಿಮೆ.

ಲೆಕ್ಕ ಸರಳ. ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ಸೌಲಭ್ಯಕ್ಕೆಂದು ಶೇ 45 ಬಿಟ್ಟರೆ 30×40 ಅಳತೆಯ ಸುಮಾರು 20 ಸೈಟು ಸಿಗುತ್ತವೆ. ರಸ್ತೆ ಕಿರಿದು ಮಾಡಿ, ಉದ್ಯಾನ ನುಂಗಿ ಶೇ 25 ಮಾತ್ರ ಬಿಟ್ಟರೆ 27. ಎಕರೆಗೆ ಆ ಏಳು ಸೈಟುಗಳಲ್ಲೇ ಆಟವೆಲ್ಲ.

ಇದರ ನಡುವೆ ವಲಯ ನಿಯಮ ಸಡಿಲಿಸುವ ಮಾತು ಬರುತ್ತದೆ. ವಸತಿ ಎಂದು ಗುರುತಿಸಿದಲ್ಲಿ ಅಂಗಡಿ, ಕಚೇರಿಗೂ ಅವಕಾಶ ಕೊಡುವುದು. 2007ರಲ್ಲಿ ಜಾರಿಯಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ಹೀಗೆ ಮಿಶ್ರ ಬಳಕೆಗೆ ಬಾಗಿಲು ತೆರೆದಾಗ ಹಳೆಯ ಬಡಾವಣೆಗಳ ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದರು. ಆದರೆ ಆ ಭಯವನ್ನು ನಾವು ಸಾಲ ತರಬೇಕಿಲ್ಲ. ಮುಂದೆ ಕಿರಾಣಿ ಅಂಗಡಿ, ಹಿಂದೆ ಅಡುಗೆಮನೆ. ನಮ್ಮ ಓಣಿಗಳು ಬೆಳೆದದ್ದೇ ಹಾಗೆ. ಹೊಸ ಲೇಔಟ್‌ನ ಮನೆಯ ಕೆಳಗೆ ಝೆರಾಕ್ಸ್ ಅಂಗಡಿಯೋ, ಹೊಲಿಗೆ ಯಂತ್ರವೋ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೀಡಿಂಗ್ ರೂಮೋ ಬಂದರೆ ಯಾರಿಗೆ ನಷ್ಟ? ಕಟ್ಟಡದ ಬಳಕೆಯಲ್ಲಿ ಸಡಿಲಿಕೆ ಇರಲಿ. ರಸ್ತೆ, ಉದ್ಯಾನ, ಹಳ್ಳದಲ್ಲಿ ಬೇಡ.

ಹಳ್ಳ ಎಂದದ್ದಕ್ಕೆ ಕಾರಣವಿದೆ. ನಮ್ಮದು ಬಹುಪಾಲು ಎರಿ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಉಬ್ಬಿದ ಮೇಲೆ ನೀರು ಬೇಗ ಇಂಗುವುದಿಲ್ಲ, ಇಳಿಜಾರು ಹಿಡಿದು ಓಡುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಹಳ್ಳವನ್ನು ಸಮ ಮಾಡಿ ಸೈಟು ಕೊರೆದವರು ದುಡ್ಡು ಎಣಿಸಿ ಹೋಗಿರುತ್ತಾರೆ. ದೊಡ್ಡ ಮಳೆಗೆ ನೀರು ಬರುವುದು ಕೊನೆಯ ಸೈಟಿನವನ ಹೊಸ್ತಿಲಿಗೆ. ಬುನಾದಿಯ ಆಳ, ಗೋಡೆಯ ಬಿರುಕು ಆಮೇಲಿನ ಮಾತು. ನಾನು ನಕ್ಷೆಯಲ್ಲಿ ಮೊದಲು ಹುಡುಕುವುದು ಇಳಿಜಾರನ್ನು. ಮುಕ್ಕಾಲು ಪಾಲು ಬ್ರೋಷರ್‌ಗಳಲ್ಲಿ ಅದು ಇರುವುದೇ ಇಲ್ಲ, ಈಜುಕೊಳದ ಚಿತ್ರ ಇರುತ್ತದೆ!

ಯೋಜಿತ ಊರು ನಮಗೇನೂ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರಕ್ಕೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜನೆ ರೂಪಿಸಿದ್ದರು. ಸೆಕ್ಟರ್‌ಗಳು, ಅಗಲ ರಸ್ತೆಗಳು ಇಂದಿಗೂ ಇವೆ. ಇತ್ತ ಅನುಮೋದನೆಯಿಲ್ಲದ ಬಡಾವಣೆಗಳ ಸೈಟುಗಳಿಗೆ ಬಿ-ಖಾತಾ ಕೊಡಲು 2025ರಲ್ಲಿ ಸರ್ಕಾರ ಅಭಿಯಾನವನ್ನೇ ನಡೆಸಿತು. ತೆರಿಗೆ ಕಟ್ಟಲು ದಾರಿಯಾಯಿತು ನಿಜ. ಬಿಡದ ಉದ್ಯಾನ ಮಾತ್ರ ಖಾತೆಯ ಜೊತೆ ಬರಲಿಲ್ಲ.

ಪ್ಲಾಟು ತೋರಿಸುವ ಗೆಳೆಯರಿಗೊಂದು ಮಾತು. 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿಯಾಗಬೇಕು, ಅದನ್ನು ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಬೇಕು. ಬಂಧುಗಳಿಗೆ ಭರವಸೆ ಕೊಡುವ ಮೊದಲು ಆ ಸಂಖ್ಯೆ ಇದೆಯೇ ನೋಡಿ.

ಇನ್ನೊಂದು. ಮಹಾಯೋಜನೆಯಲ್ಲಿ ಗುರುತಿಸಿದ ಭೂ ಬಳಕೆಯನ್ನು ಬದಲಿಸಬೇಕಾದರೆ 1961ರ ಕಾಯ್ದೆಯ 14-ಎ ಕಲಮಿನಂತೆ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ನಾವು ನೇಮಕಾತಿ ಸುದ್ದಿಗೆಂದು ಪೇಪರ್ ತಿರುವುತ್ತೇವಲ್ಲ, ಆಗ ಸಣ್ಣ ಅಕ್ಷರದ ಆ ಪ್ರಕಟಣೆಯೂ ಕಣ್ಣಿಗೆ ಬೀಳುತ್ತದೆ. ಸರ್ವೆ ನಂಬರ್ ನಮ್ಮೂರಿನದಾಗಿದ್ದರೆ, ಅಲ್ಲಿ ಹಳ್ಳವೋ ಉದ್ಯಾನವೋ ಇದ್ದರೆ, ಒಂದು ಹಾಳೆಯಲ್ಲಿ ಕನ್ನಡದಲ್ಲೇ ಆಕ್ಷೇಪಣೆ ಬರೆದು ಪ್ರಾಧಿಕಾರದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.