ಕಿರುಜೀವದ ಹೊಣೆ

ನಡುರಾತ್ರಿಯಲ್ಲಿ ಅಟ್ಟದ ಮೇಲೆ ಸರಸರನೆ ಸದ್ದಾಯಿತೆಂದರೆ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಾರೆ. ಮರುದಿನವೇ ಮೂಲೆಯಲ್ಲಿದ್ದ ಬೋನು ಹೊರಬರುತ್ತದೆ. ಅದರ ಕೊಕ್ಕೆಗೆ ಕೊಬ್ಬರಿಯ ಚೂರೊಂದನ್ನು ಸಿಕ್ಕಿಸಲಾಗುತ್ತದೆ. ಮೂಟೆಯ ಅಕ್ಕಿ, ಪೆಟ್ಟಿಗೆಯ ಸೀರೆ, ಗೂಡಿನ ಪುಸ್ತಕ ಯಾವುದನ್ನೂ ಬಿಡದ ಇಲಿಯ ಮೇಲೆ ಗೃಹಸ್ಥನಿಗೆ ಕನಿಕರ ಹುಟ್ಟುವುದು ಕಷ್ಟವೇ ಸರಿ. ಗಣಪತಿಯ ಪಾದದ ಬಳಿ ಕುಳಿತ ಮೂಷಿಕನಿಗೆ ಕೈಮುಗಿಯುವವನೇ ಅಡುಗೆಮನೆಯ ಇಲಿಗೆ ಪಾಷಾಣವನ್ನು ಇಡುತ್ತಾನೆ.

ಈ ದ್ವೇಷಕ್ಕೆ ಕಾರಣವಿಲ್ಲದೆ ಇಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಜನರು ಮನೆಮಠಗಳನ್ನು ತೊರೆದು, ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ದಿನಗಳನ್ನು ನೂಕಿದರು. ಆ ಕಾಲದಲ್ಲಿ 'ಇಲಿ ಬಿದ್ದಿತು' ಎಂಬ ಮಾತೊಂದೇ ಎದೆ ನಡುಗಿಸಲು ಸಾಕಾಗಿತ್ತು. ರೋಗವು ಇಲಿಯಿಂದ ಮನುಷ್ಯನಿಗೆ ಚಿಗಟಗಳ ಮೂಲಕ ದಾಟುತ್ತದೆ ಎಂಬುದನ್ನು ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಪ್ರಯೋಗದಿಂದ ತೋರಿಸಿದನು. ಜನರು ಇಲಿಜ್ವರವೆಂದು ಕರೆಯುವ ಕಾಯಿಲೆಯೂ ಇಲಿಯ ಮೂತ್ರ ಬೆರೆತ ನೀರಿನಿಂದ ಬರುವುದುಂಟು. ಆದ್ದರಿಂದ ಬೀದಿಯ ಇಲಿಯನ್ನೂ ಹೊಲದ ಇಲಿಯನ್ನೂ ಹಿಡಿದು ತಂದು ಸಾಕುವುದು ದಯೆಯಲ್ಲ, ಅವಿವೇಕ.

ಹೀಗಿದ್ದರೂ ಇಲಿಯನ್ನು ಪ್ರೀತಿಯಿಂದ ಮನೆಯೊಳಗೆ ಸಾಕುವ ರೂಢಿಯೊಂದು ಇಂಗ್ಲೆಂಡಿನಲ್ಲಿ ಬೆಳೆದುಬಂದಿದೆ. ಅದಕ್ಕೆ ದಾರಿ ತೋರಿದವರಲ್ಲಿ ಒಬ್ಬನು ಇಲಿಗಳನ್ನು ಹಿಡಿಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದವನು ಎಂಬುದು ಸೋಜಿಗದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬಾತನು ತಾನು ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೇಳಿಕೊಂಡು ಬೀದಿಗಳಲ್ಲಿ ಸಂಚರಿಸುತ್ತಿದ್ದನು. ಇಲಿಗಳನ್ನು ಗುಂಡಿಗೆ ಬಿಟ್ಟು, ಅವುಗಳ ಮೇಲೆ ನಾಯಿಯನ್ನು ಹರಿಯಬಿಟ್ಟು ಪಣ ಕಟ್ಟುವ ಕ್ರೂರ ವಿನೋದವು ಬಳಕೆಯಲ್ಲಿದ್ದ ಕಾಲವದು. ಬ್ಲ್ಯಾಕನಾದರೋ ತನ್ನ ಕೈಗೆ ಸಿಕ್ಕ ಅಪರೂಪದ ಬಣ್ಣದ ಇಲಿಗಳನ್ನು ಕೊಲ್ಲದೆ ಉಳಿಸಿಕೊಂಡು, ಅವುಗಳಿಂದ ಮರಿ ಮಾಡಿಸಿ, ಪಳಗಿಸಿ, ಸಾಕುವವರಿಗೆ ಮಾರುತ್ತಿದ್ದನು. ಹೆನ್ರಿ ಮೇಹ್ಯೂ ಎಂಬ ಲೇಖಕನು ಲಂಡನ್ನಿನ ದುಡಿಯುವ ಬಡಜನರನ್ನು ಕುರಿತು 1851ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈತನ ವೃತ್ತಾಂತವಿದೆ. ಮುಂದೆ 1901ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆಯ ಪ್ರಯತ್ನದಿಂದ ಐಲ್ಸ್‌ಬರಿ ಪಟ್ಟಣದ ಪ್ರದರ್ಶನದಲ್ಲಿ ಸಾಕಿದ ಇಲಿಗಳಿಗೂ ಸ್ಥಾನ ದೊರೆಯಿತು. 1976ರಲ್ಲಿ ಇಲಿಪ್ರಿಯರದೇ ಆದ ರಾಷ್ಟ್ರೀಯ ಸಂಘವೊಂದು ಅಲ್ಲಿ ಹುಟ್ಟಿಕೊಂಡಿತು.

ಮಕ್ಕಳ ಕಥೆಗಳಿಂದ ಪ್ರಸಿದ್ಧಳಾದ ಬೀಟ್ರಿಕ್ಸ್ ಪಾಟರ್ ಎಂಬ ಲೇಖಕಿಯೂ ಸ್ಯಾಮಿ ಎಂಬ ಹೆಸರಿನ ಇಲಿಯೊಂದನ್ನು ಸಾಕಿದ್ದಳು. 1908ರಲ್ಲಿ ಆಕೆ ಪ್ರಕಟಿಸಿದ ಕಥೆಯಲ್ಲಿ ಬರುವ ಇಲಿಗಳು ಬೆಕ್ಕಿನ ಮರಿಯನ್ನೇ ಹಿಡಿದು ತಿನಿಸು ಮಾಡಹೊರಟ ದುಷ್ಟ ಇಲಿಗಳು. ಆದರೆ ಅದೇ ಪುಸ್ತಕವನ್ನು ಆಕೆ ಅರ್ಪಿಸಿರುವುದು ತನ್ನ ಸ್ಯಾಮಿಯ ನೆನಪಿಗೆ! ಇಲಿಯ ಕಳ್ಳತನವನ್ನೂ ಆಕೆ ಬಲ್ಲಳು, ಅದರ ಸ್ನೇಹವನ್ನೂ ಬಲ್ಲಳು. ಒಂದನ್ನು ಕಂಡು ಇನ್ನೊಂದನ್ನು ಮರೆಯಲಿಲ್ಲ.

ಇಂದು ಸಾಕುವ ಇಲಿಯು ಕಂದು ಇಲಿಯ ಕುಲಕ್ಕೇ ಸೇರಿದ್ದು. ಆದರೆ ತಲೆತಲಾಂತರಗಳಿಂದ ಮನುಷ್ಯನ ಕೈಯಲ್ಲಿ ಬೆಳೆದು ಅದು ಸಾಧುವಾಗಿದೆ. ಸಾಕಿದವರ ಹೆಗಲೇರಿ ಕುಳಿತುಕೊಳ್ಳುತ್ತದೆ. ಕರೆದರೆ ಬಳಿಗೆ ಬರುವುದನ್ನು ಕಲಿಯುತ್ತದೆ. ಇಲಿಗಳಿಗೆ ಕಚಗುಳಿಯಿಟ್ಟರೆ ಮನುಷ್ಯನ ಕಿವಿಗೆ ಕೇಳಿಸದಷ್ಟು ಕೀರಲು ದನಿಯಲ್ಲಿ ಅವು ಚಿಲಿಪಿಲಿಗುಟ್ಟುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿ ಪ್ಯಾಂಕ್‌ಸೆಪ್ 1990ರ ದಶಕದ ಕೊನೆಯಲ್ಲಿ ಕಂಡುಕೊಂಡನು. 2011ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಇಲಿಯನ್ನು ಕಿರಿದಾದ ಕೊಳವೆಯಲ್ಲಿ ಕೂಡಿಹಾಕಿ, ಇನ್ನೊಂದನ್ನು ಹೊರಗೆ ಬಿಟ್ಟರು. ಹೊರಗಿನ ಇಲಿಯು ಕೊಳವೆಯ ಬಾಗಿಲನ್ನು ತೆರೆಯಲು ಕಲಿತು ಜೊತೆಗಾರನನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟನ್ನು ಇಟ್ಟಾಗಲೂ ಎಷ್ಟೋ ಸಲ ಅದು ಎಲ್ಲವನ್ನೂ ತಾನೇ ತಿನ್ನದೆ ಬಿಡುಗಡೆಗೊಂಡ ಇಲಿಗೂ ಪಾಲು ಉಳಿಸಿತು. ಇಂತಹ ಜೀವಿಯನ್ನು ಕೇವಲ ಹೊಲಸೆಂದು ತಿರಸ್ಕರಿಸುವುದು ನ್ಯಾಯವೆನಿಸದು.

ಆದರೆ ತಿರಸ್ಕಾರವು ಹೋದ ಮಾತ್ರಕ್ಕೆ ಯೋಗ್ಯತೆಯು ಬಂದಂತಾಗಲಿಲ್ಲ. ಪ್ರಾಣಿಯನ್ನು ಸಾಕುವ ಹಂಬಲದ ಹಿಂದೆ ಅನೇಕ ವೇಳೆ ಆಟಿಕೆಯ ಮೋಹವೊಂದು ಅಡಗಿರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯು ಬೆಕ್ಕಿಗೆ ಮಾತ್ರ ಅನ್ವಯಿಸುವುದಿಲ್ಲ. ಅರಿಯದೆ ಸಾಕುವ ಮನುಷ್ಯನಿಗೂ ಅಷ್ಟೇ ಸಲ್ಲುತ್ತದೆ.

ಒಂಟಿ ಇಲಿಯನ್ನು ಚಂದದ ಪಂಜರದಲ್ಲಿಟ್ಟು ಹೊಟ್ಟೆ ತುಂಬ ತಿನ್ನಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಇಲಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಒಂದರ ಮೈಯನ್ನು ಇನ್ನೊಂದು ನೇವರಿಸುತ್ತ, ಒತ್ತಾಗಿ ಮಲಗುವುದೇ ಅದಕ್ಕೆ ಸುಖ. ಆದ್ದರಿಂದ ಎರಡನ್ನಾದರೂ ಜೊತೆಯಾಗಿ ಸಾಕಬೇಕು. ಅವೆರಡೂ ಗಂಡಾಗಿರಬೇಕು, ಇಲ್ಲವೆ ಎರಡೂ ಹೆಣ್ಣಾಗಿರಬೇಕು. ಹೆಣ್ಣಿಲಿಯು ಸುಮಾರು ಮೂರು ವಾರಗಳ ಗರ್ಭದಲ್ಲಿಯೇ ಹತ್ತರ ಆಸುಪಾಸಿನಷ್ಟು ಮರಿಗಳನ್ನು ಹಾಕಬಲ್ಲದು. ಆ ಮರಿಗಳಿಗೆಲ್ಲ ನೆಲೆ ಒದಗಿಸಲಾರದವರು ಗಂಡುಹೆಣ್ಣುಗಳನ್ನು ಒಟ್ಟಿಗೆ ಬಿಡುವುದು ದೊಡ್ಡ ತಪ್ಪಾಗುತ್ತದೆ.

ಪಂಜರವು ವಿಶಾಲವಾಗಿ, ಗಾಳಿಯಾಡುವಂತೆ ಇರಬೇಕು. ತಂತಿಯ ನೆಲವು ಪಾದಗಳನ್ನು ನೋಯಿಸುವುದರಿಂದ ಗಟ್ಟಿ ನೆಲದ ಮೇಲೆ ಕಾಗದದ ಚೂರುಗಳ ಹಾಸು ಇರಬೇಕು. ದೇವದಾರುವಿನಂತಹ ಮರಗಳ ಘಾಟು ವಾಸನೆಯ ಹೊಟ್ಟು ಅದರ ಶ್ವಾಸಕ್ಕೆ ಕೇಡು. ಶ್ವಾಸದ ಬೇನೆಯೇ ಸಾಕಿದ ಇಲಿಗಳನ್ನು ಬಹಳವಾಗಿ ಕಾಡುವಂಥದು. ಪಂಜರವನ್ನು ಶುಚಿಗೊಳಿಸದಿದ್ದರೆ ಮೂತ್ರದಿಂದೇಳುವ ಅಮೋನಿಯಾ ಅದನ್ನು ಮತ್ತಷ್ಟು ಕೆರಳಿಸುತ್ತದೆ. ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಮರದ ತುಂಡು ಬೇಕು. ಕಾಳು, ತರಕಾರಿ, ಆಗೊಮ್ಮೆ ಈಗೊಮ್ಮೆ ಬೇಯಿಸಿದ ಮೊಟ್ಟೆಯ ಚೂರು ಇವು ಅದಕ್ಕೆ ತಕ್ಕ ಆಹಾರ. ಇಲಿಯು ವಾಂತಿ ಮಾಡಲಾರದು. ತಿಂದದ್ದು ಕೆಡುಕಾದರೆ ಹೊರಹಾಕುವ ಉಪಾಯವೇ ಅದಕ್ಕಿಲ್ಲ. ಹೀಗಿರುವಾಗ ಕೊಡುವ ಕೈಯಲ್ಲಿಯೇ ಎಚ್ಚರವಿರಬೇಕಲ್ಲವೆ? ಅದರ ಮೈ ಬೆವರುವುದಿಲ್ಲ. ಒಡಲಿನ ಕಾವಿನ ಒಂದು ಭಾಗವನ್ನು ಬಾಲದ ಮೂಲಕ ಹೊರಗೆಡಹುತ್ತದೆ. ಆದುದರಿಂದ ಬೇಸಗೆಯಲ್ಲಿ ಪಂಜರವು ತಂಪಾದ ಎಡೆಯಲ್ಲಿರುವುದು ಅವಶ್ಯಕ. ಬಾಲ ಹಿಡಿದು ಎತ್ತುವ ಅಭ್ಯಾಸವಂತೂ ಸಲ್ಲದು. ಎರಡೂ ಕೈಗಳಿಂದ ಮೈಯನ್ನು ಆಧರಿಸಿ ಎತ್ತಬೇಕು.

ಸಾಕಿದ ಇಲಿಯೂ ಕೆಲವು ರೋಗಗಳನ್ನು ಹೊತ್ತಿರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು, ಎಳೆಯ ಮಕ್ಕಳನ್ನು ದೂರವಿಡುವುದು, ಕಚ್ಚಿದರೆ ವೈದ್ಯರನ್ನು ಕಾಣುವುದು, ಇವು ಪ್ರೀತಿಗೆ ವಿರುದ್ಧವಾದ ನಡೆಗಳಲ್ಲ. ಸ್ನೇಹವು ಎಚ್ಚರವನ್ನು ಮರೆತರೆ ಅಪಾಯ ಇಬ್ಬರಿಗೂ ಉಂಟು.

ಇಷ್ಟೆಲ್ಲ ಮಾಡಿದರೂ ಇಲಿಯ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಅಷ್ಟು ಅಲ್ಪಕಾಲ ಬಾಳುವ ಜೀವಿಗೆ ಇಷ್ಟೊಂದು ಶ್ರಮವೇಕೆ, ಹಣವೇಕೆ ಎಂದು ಕೇಳುವವರಿದ್ದಾರೆ. ಬಡವರ ಹೊಟ್ಟೆಗೇ ಇಲ್ಲದಿರುವಾಗ ಇಲಿಗೆ ಉಪಚಾರವೇ ಎಂಬ ಆಕ್ಷೇಪವೂ ಹಗುರವಾದುದಲ್ಲ. ಹೊಣೆಯನ್ನು ಹೊರಲಾರದವನು ಇಲಿಯನ್ನು ಸಾಕದೆ ಇದ್ದರೆ ಯಾರಿಗೂ ನಷ್ಟವಿಲ್ಲ; ಹಾಗೆ ಹಿಂಜರಿಯುವುದೂ ಒಂದು ಬಗೆಯ ದಯೆಯೇ. ಆದರೆ ಒಮ್ಮೆ ಪಂಜರದ ಬಾಗಿಲನ್ನು ಮುಚ್ಚಿದ ಮೇಲೆ ಆ ಪ್ರಶ್ನೆಗೆ ಎಡೆಯಿಲ್ಲ. ಕಾಡಿನ ಪ್ರಾಣಿಯು ತನ್ನ ಆಹಾರವನ್ನು ತಾನೇ ಅರಸಿಕೊಳ್ಳುತ್ತದೆ, ಬಿಸಿಲಾದರೆ ನೆರಳಿಗೆ ಸರಿಯುತ್ತದೆ. ಪಂಜರದೊಳಗಿನ ಪ್ರಾಣಿಯಿಂದ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡವನು ಮನುಷ್ಯನೇ. ಕಿತ್ತುಕೊಂಡುದಕ್ಕೆ ಪ್ರತಿಯಾಗಿ ಅನ್ನ, ನೀರು, ನೆರಳು, ಒಡನಾಟಗಳನ್ನು ನೀಡುವುದು ಔದಾರ್ಯವಲ್ಲ, ತೀರಿಸಲೇಬೇಕಾದ ಋಣ.

ಬೇಸರ ಬಂದೊಡನೆ ಸಾಕಿದ ಇಲಿಯನ್ನು ಹಿತ್ತಲಿಗೋ ಚರಂಡಿಯ ಬಳಿಗೋ ಬಿಟ್ಟುಬಿಡುವವರು ಅದಕ್ಕೆ ಬಿಡುಗಡೆಯನ್ನು ಕೊಟ್ಟಂತಾಗುವುದಿಲ್ಲ. ಕೈತುತ್ತಿಗೆ ಒಗ್ಗಿಹೋದ ಆ ಜೀವವು ಬೆಕ್ಕಿಗೋ ಹದ್ದಿಗೋ ತುತ್ತಾಗುವುದೇ ಹೆಚ್ಚು. ಮುದಿತನದಲ್ಲಿ ಹಿಂಗಾಲುಗಳು ಸೋತು, ಮೈಮೇಲೆ ಗಂಟುಗಳೆದ್ದಾಗ ಅದನ್ನು ಪಶುವೈದ್ಯರ ಬಳಿಗೆ ಒಯ್ಯುವವನೇ ನಿಜವಾಗಿ ಸಾಕಿದವನು.

ಸಾಕಿದವನ ಬಾಳಿನಲ್ಲಿ ಎರಡು ಮೂರು ವರ್ಷಗಳು ಒಂದು ಸಣ್ಣ ಭಾಗ. ಇಲಿಗಾದರೋ ಅದು ಇಡಿಯ ಬಾಳು. ಆ ಬಾಳಿನ ಒಂದೊಂದು ಹಗಲೂ ಒಂದೊಂದು ಇರುಳೂ ಸಾಕುವವನ ಕೈಯಲ್ಲಿರುತ್ತದೆ. ಜೀವವು ಕಿರಿದಾದರೂ ಅದನ್ನು ಕಾಯುವ ಹೊಣೆ ಕಿರಿದಲ್ಲ.